ಎಲೆತೋಟದ ಬಾಗಿಲಿನ ಚಪ್ಪಲಿ

ಪರಮೇಶಪ್ಪ ವಕೀಲರ ಬೂಟಿನ ಲೇಸು ಗಂಟುಬಿದ್ದಿತ್ತು. ಸವಣೂರಿನ ವೀಳ್ಯದೆಲೆ ತೋಟದ ತಟ್ಟಿಬಾಗಿಲ ಮುಂದೆ ಒಂದು ಕಲ್ಲಿನ ಮೇಲೆ ಕೂತು, ಕರಿಕೋಟಿನ ಆ ದಪ್ಪ ಮನುಷ್ಯ ಏದುಸಿರು ಬಿಡುತ್ತ ಲೇಸಿನ ಜೊತೆ ಗುದ್ದಾಡುತ್ತಿದ್ದರು. ಹಾನಗಲ್ಲ ಕೋರ್ಟಿನಲ್ಲಿ ಎಂಥೆಂಥ ಸಾಕ್ಷಿಗಳ ಬಾಯಿ ಬಿಡಿಸಿದವರಿಗೆ ಈ ಗಂಟು ಬಿಡಿಸಲು ಬರಲಿಲ್ಲ. ನಾನು ನಗು ತಡೆದುಕೊಂಡು ಪಕ್ಕದಲ್ಲಿ ನಿಂತಿದ್ದೆ.

“ಬೂಟ ಹಾಕ್ಕೊಂಡ ಒಳಗ ಹೋದ್ರ ಏನಾಕ್ಕೈತಿ?” ಎಂದು ಗೊಣಗಿದರು.

ಏನೂ ಆಗುವುದಿಲ್ಲ, ಆದರೆ ಸವಣೂರಿನಲ್ಲಿ ಯಾರೂ ಹಾಗೆ ಹೋಗುವುದಿಲ್ಲ ಎಂದೆ. ಎಲೆತೋಟವೆಂದರೆ ಇಲ್ಲಿ ದೇವರ ಕೋಣೆ ಇದ್ದ ಹಾಗೆ. ಮೆಟ್ಟಿಕೊಂಡು ಹೋದರೆ ಬಳ್ಳಿ ಮುನಿಯುತ್ತದೆ ಎಂಬ ನಂಬಿಕೆ. ಸಾಬರಾಗಲಿ, ಆಚಾರ್ರಾಗಲಿ, ಗೌಡರಾಗಲಿ, ತಟ್ಟಿಯ ಹೊರಗೆ ಕಾಲಿನದನ್ನು ಕಳಚಿಯೇ ಒಳಗೆ ಹೆಜ್ಜೆ ಇಡುತ್ತಿದ್ದರು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಎಲೆ ತರಲು ಬರುತ್ತಿದ್ದಾಗ ನಾನು ಮೊದಲು ಕಲಿತದ್ದು ಇದನ್ನೇ.

ವಕೀಲರ ಕೈ ಲೇಸಿನ ಮೇಲೇ ನಿಂತಿತು. “ಅವಸರದಾಗ ಇದ್ದಾಂವನೂ ಬಿಡ್ತಾನೇನು?”

“ಕಾಲು ತಾವ ಬಿಡ್ತಾವ್ರಿ. ಮನಶ್ಯಾಗ ಗೊತ್ತ ಆಗೂದಿಲ್ಲ.”

“ಕೆಟ್ಟ ಕೆಲಸಕ್ಕ ಹೊಂಟಾಂವ?”

ಅವರ ತಲೆ ಎತ್ತ ಓಡುತ್ತಿದೆ ಎಂಬುದು ನನಗೆ ಆಗ ಹೊಳೆಯಿತು.

ಇದು ಎಂಬತ್ತನೇ ಇಸವಿಯ ಚಳಿಗಾಲದ ಮಾತು. ಧಾರವಾಡದಲ್ಲಿ ಲಾ ಓದಿ ಬಂದು ವಕೀಲರ ಕೈಕೆಳಗೆ ಸೇರಿ ನನಗಿನ್ನೂ ವರ್ಷ ತುಂಬಿರಲಿಲ್ಲ. ಸವಣೂರಿನಲ್ಲಿ ಕರಿದ ಖಾರ ಮಾರುವ ಅಂಗಡಿಯ ಮಲ್ಲಿಕಸಾಬರ ಮಗಳು ಮುನವ್ವರಾ ಕರಿಕೋಟು ಹಾಕುತ್ತಾಳಂತೆ ಎಂದು ನನ್ನನ್ನು ನೋಡಲಿಕ್ಕೇ ಜನ ಕೋರ್ಟಿಗೆ ಬರುತ್ತಿದ್ದ ಕಾಲ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗ ವಕೀಲರಿಲ್ಲ, ಆ ತೋಟದ ಅರ್ಧ ಭಾಗ ಸೈಟುಗಳಾಗಿದೆ. ಆದರೂ ಎಲ್ಲಾದರೂ ಹಸಿ ಎಲೆಯ ವಾಸನೆ ಬಂದರೆ ಸಾಕು, ಆ ಕಲ್ಲು, ಆ ಬೂಟು, ಆ ಏದುಸಿರು ಎಲ್ಲ ಕಣ್ಣ ಮುಂದೆ ಬಂದು ನಿಲ್ಲುತ್ತವೆ. ಅಂಥ ಕೆಟ್ಟ ಕೇಸಿನ ನಡುವೆಯೂ ನಾವು ಎಷ್ಟು ನಗುತ್ತಿದ್ದೆವು!

ಅಬಲೂರಿನ ಶೇಖವ್ವ ತಾಯಿ ಅಡಿವೆವ್ವನ ಜೊತೆ ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಆಗ ಒಂದು ವಾರವಾಗಿತ್ತು.

ಎಪ್ಪತ್ತಾರರ ಬೇಸಿಗೆಯಲ್ಲಿ ಈ ಶೇಖವ್ವ ಇದೇ ತೋಟದಲ್ಲಿ ಒಬ್ಬಳೇ ಎಲೆ ಕೊಯ್ಯುತ್ತಿದ್ದಳು. ಉಳಿದ ಆಳುಗಳೆಲ್ಲ ಅಕ್ಕಿಆಲೂರಿಗೆ ಒಂದು ಮದುವೆಗೆ ಹೋಗಿದ್ದರು. ಯಾರೋ ಹಿಂದಿನಿಂದ ಬಂದು, ಎಲೆಬುಟ್ಟಿಗೆ ಹೊದಿಸುವ ಒದ್ದೆ ಗೋಣಿತಟ್ಟನ್ನು ಅವಳ ತಲೆಗೆ ಮುಸುಕಿ, ಮೈಮೇಲೆ ಕೈಹಾಕಿದ್ದ. ಕುಪ್ಪಸ ಹರಿದಿತ್ತು. ರಸ್ತೆಯಲ್ಲಿ ಚಕ್ಕಡಿಯೊಂದು ಬಂದ ಸದ್ದಿಗೆ ಅವನ ಹಿಡಿತ ಸಡಿಲವಾಗಿ, ಅವಳು ಗೋಣಿತಟ್ಟು ಕಿತ್ತೆಸೆದು ಹಿಂದಿರುಗಿ ನೋಡದೆ ಓಡಿದ್ದಳು. ಮುಖ ನೋಡಿರಲಿಲ್ಲ, ದನಿ ಕೇಳಿರಲಿಲ್ಲ. ಪೊಲೀಸರು ಕಂಪ್ಲೇಂಟು ಬರೆದುಕೊಂಡು, ಹಾದಿಹೋಕ ಯಾವನೋ ಇರಬೇಕು ಎಂದು ಕೈತೊಳೆದುಕೊಂಡರು.

ಊರು ಮಾತ್ರ ಅವಳನ್ನು ಬಿಡಲಿಲ್ಲ. ಮಾಡಿದವನು ಯಾರೆಂದು ಹುಡುಗಿಗೆ ಗೊತ್ತಿದೆ, ಬೇಕಂತಲೇ ಮುಚ್ಚಿಡುತ್ತಾಳೆ ಎಂದು ಬಾಯಿಗೆ ಬಂದಂತೆ ಆಡಿದರು. ಹಿರೇಕೆರೂರಿನ ಕಡೆ ನಿಶ್ಚಯವಾಗಿದ್ದ ಗಂಡು ಹಿಂದೆ ಸರಿದ. ತಾಯಿ ಮಕ್ಕಳು ಊರು ಬಿಟ್ಟು ಅಡಿವೆವ್ವನ ತವರು ಅಬಲೂರಿಗೆ ಹೋಗಿ ಕೂಲಿಗೆ ನಿಂತರು. ಈಗ ಅದೇ ಮಾತು ತಂಗಿಯ ಮದುವೆಗೂ ಅಡ್ಡ ಬಂದಿತ್ತು. ಶೇಖವ್ವನಿಗೆ ಬೇಕಾಗಿದ್ದದ್ದು ಒಂದೇ. ಮಾಡಿದವನ ಹೆಸರನ್ನು ಕೋರ್ಟಿನಲ್ಲಿ ಎಲ್ಲರೂ ಕೇಳಬೇಕು, ತಾನು ಏನನ್ನೂ ಮುಚ್ಚಿಟ್ಟಿರಲಿಲ್ಲವೆಂದು ಊರಿಗೆ ಗೊತ್ತಾಗಬೇಕು.

ಶಿಗ್ಗಾವಿಯ ವಕೀಲರೊಬ್ಬರು ಅವಳನ್ನು ಬಾಗಿಲಿನಿಂದಲೇ ಹಿಂದೆ ಕಳಿಸಿದ್ದರು. ಹೊಸ ಕಾಯ್ದೆಯ ಪ್ರಕಾರ ಇಂಥ ಕೇಸಿಗೆ ಮೂರೇ ವರ್ಷ, ನಿನ್ನ ಕಾಲ ಮುಗಿಯಿತು, ಮನೆಗೆ ಹೋಗು ಎಂದಿದ್ದರು. ಅದನ್ನು ನಮಗೆ ಹೇಳಿ ಶೇಖವ್ವ ಒಂದು ಮಾತು ಕೇಳಿದಳು.

“ಅಂವ ಯಾರಂತ ನನಗಿನ್ನೂ ಗೊತ್ತ ಆಗಿಲ್ಲ. ಅದೆಂಗ ಮುಗೀತೈತ್ರಿ?”

ಪರಮೇಶಪ್ಪ ವಕೀಲರು ಕುರ್ಚಿಯಿಂದ ಎದ್ದೇ ಬಿಟ್ಟರು. ಏಕೆಂದರೆ ಕಾಯ್ದೆಯೂ ಅದನ್ನೇ ಹೇಳುತ್ತಿತ್ತು. ಬ್ರಿಟಿಷರ ಕಾಲದ ಸಂಹಿತೆಯಲ್ಲಿ ಇಂಥ ಗಡುವೇ ಇರಲಿಲ್ಲ. ಎಪ್ಪತ್ತನಾಲ್ಕರಲ್ಲಿ ಬಂದ ಹೊಸದರಲ್ಲಿ ಇತ್ತು. ಹೆಂಗಸಿನ ಮಾನಕ್ಕೆ ಕೈಹಾಕಿದ ಅಪರಾಧಕ್ಕೆ ಆಗ ಹೆಚ್ಚೆಂದರೆ ಎರಡು ವರ್ಷ ಶಿಕ್ಷೆ. ಅಂಥವನ್ನು ಕೋರ್ಟು ಮೂರು ವರ್ಷದೊಳಗೆ ಕೈಗೆತ್ತಿಕೊಳ್ಳಬೇಕು. ಹಳಬರು ಅಲ್ಲಿಗೇ ಓದಿ ಪುಸ್ತಕ ಮುಚ್ಚುತ್ತಿದ್ದರು. ಮುಂದಿನ ಕಲಮಿನಲ್ಲಿ ಇನ್ನೊಂದು ಮಾತಿತ್ತು. ಅಪರಾಧಿ ಯಾರೆಂದು ಗೊತ್ತಿಲ್ಲದಿದ್ದರೆ, ನೊಂದವಳಿಗೆ ಅವನು ಯಾರೆಂದು ಗೊತ್ತಾದ ದಿನದಿಂದ ಎಣಿಕೆ ಶುರು. ಆದರೆ ತನಿಖೆ ಮಾಡುವ ಪೊಲೀಸ್ ಅಧಿಕಾರಿಗೆ ಅದಕ್ಕಿಂತ ಮೊದಲೇ ಗೊತ್ತಾಗಿದ್ದರೆ, ಆ ದಿನದಿಂದ.

ಊರು ಅವಳನ್ನು ಇಷ್ಟು ವರ್ಷ ಚುಚ್ಚಿದ ಪ್ರಶ್ನೆಯನ್ನೇ ಇನ್ನು ಕೋರ್ಟೂ ಕೇಳುತ್ತದೆ. ನಿನಗೆ ಯಾವಾಗ ಗೊತ್ತಾಯಿತು?

ಲೇಸು ಕೊನೆಗೂ ಬಿಚ್ಚಿಕೊಂಡಿತು. ನಾನು ಆಗ ವಕೀಲರಿಗೆ, ಆ ಬೆಳಿಗ್ಗೆ ಬಸ್ಸಿನಲ್ಲಿ ಶೇಖವ್ವ ನನ್ನ ಕಿವಿಯಲ್ಲಿ ಹೇಳಿದ್ದನ್ನು ಹೇಳಿದೆ. ಆ ದಿನ ಓಡಿಬಂದವಳು ಈ ಬಾಗಿಲಲ್ಲಿ ಕಾಲಿಗೆ ಸಿಕ್ಕಿದ್ದನ್ನು ತೂರಿಸಿಕೊಂಡು ಹೋಗಿದ್ದಳು. ಮನೆ ಮುಟ್ಟಿದಾಗ ಒಂದು ಕಾಲಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ಯಾವುದೋ ಗಂಡಸಿನ ಚಪ್ಪಲಿ. ಅವಳು ಅದನ್ನು ಸರಿಯಾಗಿ ನೋಡಿಯೂ ಇರಲಿಲ್ಲ. ತಾಯಿ ಕಸಿದುಕೊಂಡು ಬಾವಿಗೆ ಎಸೆದೆನೆಂದಿದ್ದಳಂತೆ. ಗಂಡಸಿನ ಚಪ್ಪಲಿ ಮೆಟ್ಟಿಕೊಂಡು ಬಂದಳೆಂದು ಗೊತ್ತಾದರೆ ಜನ ಇನ್ನಷ್ಟು ಆಡಿಕೊಳ್ಳುತ್ತಾರೆ, ಬಾಯಿ ಬಿಡಬೇಡ ಎಂದಿದ್ದಳಂತೆ. ಹೀಗಾಗಿ ಕಂಪ್ಲೇಂಟಿನಲ್ಲೂ ಚಪ್ಪಲಿಯ ಸುದ್ದಿ ಇರಲಿಲ್ಲ.

“ಹಾದಿಹೋಕ ಅಲ್ಲ ಹಂಗಾರ,” ಎಂದರು ವಕೀಲರು. “ಹಾದಿಹೋಕ ಮೆಟ್ಟಿಕೊಂಡನ ಬಂದಿರ್ತಿದ್ದ.”

ಇಷ್ಟರಿಂದ ಅವನು ಈ ತೋಟದ ರೂಢಿ ಇದ್ದವನು ಎಂದಾಯಿತೇ ಹೊರತು ಹೆಸರೇನೂ ಸಿಗಲಿಲ್ಲ. ಕಾವಲುಗಾರ ಗುದ್ಲೆಪ್ಪ ಹುಟ್ಟಿದಾಗಿನಿಂದ ಕಾಲಿಗೆ ಏನನ್ನೂ ಹಾಕಿದವನಲ್ಲ. ಅವನ ಹಿಮ್ಮಡಿ ನೋಡಿದರೆ ಹಾಕುವ ಅಗತ್ಯವೂ ಕಾಣುತ್ತಿರಲಿಲ್ಲ. ಆಳುಗಳು ಮದುವೆಯೂಟದಲ್ಲಿದ್ದರು. ಉಳಿದವನು ತೋಟದ ಮಾಲೀಕ ಉಡಚಪ್ಪ. ಆ ದಿನ ಹುಬ್ಬಳ್ಳಿಗೆ ಹೋಗಿದ್ದೆನೆಂದು ಪೊಲೀಸರಿಗೆ ಹೇಳಿದ್ದ. ನಾವು ಕಾಯುತ್ತಿದ್ದದ್ದೂ ಅವನಿಗಾಗಿಯೇ.

ಜಾವಾ ಮೋಟರ್‌ಸೈಕಲ್ಲಿನ ಸದ್ದು ಕೇಳಿತು. ಉಡಚಪ್ಪ ನಲವತ್ತರ ಆಸುಪಾಸಿನ ಆಸಾಮಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಾತು ಬೆಣ್ಣೆ. ಸೊಸಾಯಿಟಿ ಚುನಾವಣೆಗೆ ನಿಂತಿದ್ದರಿಂದ ಆ ಬೆಣ್ಣೆ ಇನ್ನೂ ಸ್ವಲ್ಪ ಕರಗಿತ್ತು. ಬಿಸಿಲಲ್ಲಿ ಯಾಕೆ ನಿಂತಿರಿ ಎಂದು ನಮ್ಮನ್ನು ಉಪಚರಿಸುತ್ತಲೇ ಬಂದ. ನನ್ನ ಅಪ್ಪನ ಖಾರವನ್ನು ಹೊಗಳುತ್ತಲೇ, ಕೆಳಗೆ ನೋಡದೆ ಚಪ್ಪಲಿ ಕಳಚಿ ತಟ್ಟಿ ದಾಟಿದ.

ವಕೀಲರು ಅವನ ಚಪ್ಪಲಿಯ ಮೇಲೆ ಒಂದು ಕ್ಷಣ ಕಣ್ಣಿಟ್ಟು, ಏನೂ ಕಾಣದವರಂತೆ ಒಳಗೆ ನಡೆದರು.

ಒಳಗೆ ಚೊಗಚೆ ಮತ್ತು ನುಗ್ಗೆ ಮರಗಳಿಗೆ ಹಬ್ಬಿದ ಬಳ್ಳಿಗಳ ನೆರಳು, ತಂಪು ಮಣ್ಣು. ಬಾಲ್ಯದಲ್ಲಿ ಈ ಸಾಲುಗಳ ನಡುವೆ ನಾನು ಓಡಿದ್ದೆಷ್ಟೋ. ಅಂದು ಮೊದಲ ಸಲ ಆ ಕತ್ತಲೆ ನೆರಳು ನನಗೆ ಹೆದರಿಕೆ ಹುಟ್ಟಿಸಿತು.

ಉಡಚಪ್ಪ ಎಳೆ ಎಲೆಗಳನ್ನು ಕೊಯ್ದು ವಕೀಲರ ಕೈಗಿಟ್ಟ. ಅವರು ಎಲೆಯ ತೊಟ್ಟು ಮುರಿಯುತ್ತ, ಶೇಖವ್ವನ ಪರವಾಗಿ ಕೋರ್ಟಿಗೆ ಖಾಸಗಿ ಫಿರ್ಯಾದಿ ಕೊಡುವವರಿದ್ದೇವೆ, ಜಾಗ ನೋಡಿಕೊಂಡು ಹೋಗಲು ಬಂದೆವು ಎಂದರು. ಪಾಪ, ಒಳ್ಳೆಯ ಹುಡುಗಿ ಎಂದು ಅವನು ನಿಟ್ಟುಸಿರು ಬಿಟ್ಟ. ಆಮೇಲೆ ಮೆಲ್ಲಗೆ ಅಂದ.

“ಆದ್ರ ಅದರ ಕಾಲ ಮುಗದೈತಲ್ರಿ. ಮೂರ್ ವರ್ಷ.”

ನನ್ನ ಕಿವಿ ನೆಟ್ಟಗಾಯಿತು. ಎಲೆ ಬೆಳೆಯುವವನಿಗೆ ಈ ಕಲಮು ಯಾಕೆ ಬಾಯಿಪಾಠವಾಗಿರಬೇಕು? ತೋಟದ ಹೆಸರು ಬಂದಿತ್ತಲ್ಲ, ಅದಕ್ಕೇ ಶಿಗ್ಗಾವಿಯಲ್ಲಿ ಒಬ್ಬರನ್ನು ವಿಚಾರಿಸಿದ್ದೆ ಎಂದು ತಾನೇ ವಿವರಿಸಿದ.

ವಕೀಲರು ನಿದ್ದೆಗಣ್ಣಿನವರಂತೆ ಮುಂದಿನ ಕಲಮನ್ನು ಹೇಳಿದರು. ಗೊತ್ತಾದ ದಿನದಿಂದ ಎಣಿಕೆ. ಹುಡುಗಿಗೆ ಇವತ್ತಿನವರೆಗೂ ಗೊತ್ತಿಲ್ಲ. ಆದ್ದರಿಂದ ಕಾಲ ಮುಗಿಯುವುದಿರಲಿ, ಇನ್ನೂ ಶುರುವೇ ಆಗಿಲ್ಲ. ಉಡಚಪ್ಪನ ಮುಖದ ಬೆಣ್ಣೆ ಗಟ್ಟಿಯಾಯಿತು.

“ಆಕಿಗೆ ಅವತ್ತ ಗೊತ್ತಿತ್ರಿ,” ಎಂದ.

“ಇಲ್ಲಂತಾಳ.”

“ಇಲ್ಲಂದ್ರ ಹೆಂಗ್ರಿ? ಒಂದ್ ಕಾಲಾಗ ತನ್ನದು, ಒಂದ್ ಕಾಲಾಗ ಗಂಡಸಿನ ಚಪ್ಪಲಿ ಮೆಟಗೊಂಡ ಮನಿಗೆ ಹೋದಾಕಿ. ಅದು ಯಾರದಂತ ನೋಡಿರಂಗಿಲ್ಲೇನು?”

ವಕೀಲರು ಎಲೆಯನ್ನು ಮಡಚಿ ಬಾಯಿಗಿಟ್ಟುಕೊಂಡರು. ಅಗಿದರು. ಆಮೇಲೆ ಕೇಳಿದರು.

“ಯಾವ ಚಪ್ಪಲಿ, ಉಡಚಪ್ಪನವರ? ಕಂಪ್ಲೇಂಟಿನ್ಯಾಗ ಚಪ್ಪಲಿ ಇಲ್ಲ. ಊರ ಮಾತಿನ್ಯಾಗೂ ಇಲ್ಲ.”

ಅವನ ಮುಖದ ಕಳೆ ಇಳಿದುಹೋದದ್ದನ್ನು ಕಣ್ಣಾರೆ ಕಂಡೆ. ಕಾಲ ಮುಗಿದಿದೆಯೆಂದು ತೋರಿಸುವ ಅವಸರದಲ್ಲಿ ಅವನು ತಾನೇ ಬಲೆಗೆ ಬಿದ್ದಿದ್ದ. ನಾನು ಗೆದ್ದೆವೆಂದುಕೊಂಡೆ. ಆದರೆ ನೋಡುನೋಡುತ್ತಿದ್ದಂತೆ ಅವನ ತುಟಿಗೆ ಹಳೆಯ ನಗು ಮರಳಿತು, ಅದು ನನಗೆ ಸ್ವಲ್ಪವೂ ಹಿಡಿಸಲಿಲ್ಲ.

“ನನಗ ಹೇಳಿದವ್ರು ಅದಾರ್ರಿ. ಯಾರಂತ ಕೆದಕಬ್ಯಾಡ್ರಿ. ಕೆದಕಿದ್ರ ನಿಮ್ಮ ಕೇಸಿಗೇ ಛಲೋ ಅಲ್ಲ.”

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಈ ಸಲ ಅವನು ಕೆಳಗೆ ನೋಡಿಕೊಂಡ.

ನಮ್ಮ ಮನೆಯ ಓಣಿಗೆ ಕಾಲಿಡುತ್ತಲೇ ಖಾರದ ಘಮ. ಅಪ್ಪ ಹಿತ್ತಿಲಲ್ಲಿ ದೊಡ್ಡ ಕಡಾಯಿಯ ಮುಂದೆ ಬೆವರುತ್ತ ಕೂತಿದ್ದರು, ರೇಡಿಯೋದಲ್ಲಿ ಧಾರವಾಡ ಕೇಂದ್ರ ಏನೋ ಹಾಡುತ್ತಿತ್ತು. ಇಂದಿಗೂ ಆ ಎರಡು ಕೂಡಿ ಬಂದರೆ ನನಗೆ ಮನೆ ಅನ್ನಿಸುತ್ತದೆ. ವಕೀಲರು ಹಳೇ ಪೇಪರಿನ ಮೇಲೆ ಬಿಸಿ ಖಾರ ಹಾಕಿಸಿಕೊಂಡು, ನಾಲಿಗೆ ಸುಟ್ಟುಕೊಂಡು, ಮತ್ತೆ ಕೈಯೊಡ್ಡಿದರು. ಅಮ್ಮ ಬಾನುಬಿ ಎಲ್ಲರಿಗೂ ಚಹಾ ಕೊಟ್ಟು, ಮಾತು ಯಾವುದೆಂದು ಅರಿತು, ಹಿತ್ತಿಲಿನ ಬಾಗಿಲು ಎಳೆದುಕೊಂಡು ಹೋದರು.

ಶೇಖವ್ವ ತಾಯಿಯ ಪಕ್ಕದಲ್ಲಿ ಗೋಡೆಗೊರಗಿ ಕೂತಿದ್ದಳು. ತೋಟಕ್ಕೆ ಬರುವುದು ಅವಳಿಗೆ ಆಗಿರಲಿಲ್ಲ, ನಾವೂ ಒತ್ತಾಯಿಸಿರಲಿಲ್ಲ. ವಕೀಲರು ನಡೆದದ್ದನ್ನೆಲ್ಲ ಹೇಳಿ, ಕೊನೆಗೆ ಹೆಸರು ಹೇಳಿದರು.

ಅವಳು ಅಳಲಿಲ್ಲ. ಒಂದು ಮಾತು ನೆನಪಿಸಿಕೊಂಡಳು.

“ನಿಶ್ಚೇ ಮುರದಾಗ ಅಂವ ನಮ್ಮ ಮನಿಗೆ ಬಂದಿದ್ದ್ರಿ. ‘ಹೆಸರ ಹೇಳವಾ ತಂಗಿ, ನಾ ಅದೇನಿ’ ಅಂದ. ನಾ ಗೊತ್ತಿಲ್ಲ ಅಂದೆ. ತಲಿ ಸವರಿ ಹೋದ.”

ಅವನು ಸಮಾಧಾನ ಹೇಳಲು ಬಂದಿರಲಿಲ್ಲ, ಇವಳಿಗೆ ಗೊತ್ತಾಗಿದೆಯೋ ಇಲ್ಲವೋ ಎಂದು ನೋಡಿಕೊಳ್ಳಲು ಬಂದಿದ್ದ. ಗೊತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಹೋದ ಅದೇ ಮನುಷ್ಯ ಈಗ ಅವತ್ತೇ ಗೊತ್ತಿತ್ತು ಎನ್ನುತ್ತಾನೆ. ಅಂಥವನ ಕೈಯಿಂದ ಎಲೆ ಇಸಿದುಕೊಂಡೆವಲ್ಲ ಎಂದು ಮೈ ಉರಿಯಿತು.

“ಹಂಗಾರ ಇವತ್ತಿಂದ ಎಣಸ್ರಿ ವಕೀಲರ,” ಎಂದಳು ಶೇಖವ್ವ. ಅವಳ ದನಿಯಲ್ಲಿ ನಾನು ಅದುವರೆಗೆ ಕೇಳದ ಒಂದು ಹಗುರತನ ಇತ್ತು.

ನಾಳೆಯೇ ಫಿರ್ಯಾದಿ ಕೊಡೋಣ, ಮ್ಯಾಜಿಸ್ಟ್ರೇಟ್ ಸಾಹೇಬರ ಮುಂದೆ ನೀನು ಪ್ರಮಾಣ ಮಾಡಿ ಹೇಳಬೇಕು, ನಿನ್ನ ಸಾಕ್ಷಿಗಳೂ ಹೇಳಬೇಕು ಎಂದು ವಕೀಲರು ವಿವರಿಸತೊಡಗಿದರು. ಅಷ್ಟರಲ್ಲಿ ಅಡಿವೆವ್ವ ತನ್ನ ಕೈಚೀಲವನ್ನು ಎದುರಿಗೆ ಎಳೆದುಕೊಂಡಳು. ಬೆಳಿಗ್ಗೆಯಿಂದ ಅದನ್ನು ಯಾರ ಕೈಗೂ ಕೊಟ್ಟಿರಲಿಲ್ಲ, ಬಸ್ಸಿನಲ್ಲೂ ತೊಡೆಯ ಮೇಲೇ ಇಟ್ಟುಕೊಂಡಿದ್ದಳು. ಒಳಗಿನಿಂದ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಏನನ್ನೋ ತೆಗೆದು ನೆಲದ ಮೇಲಿಟ್ಟು ಬಿಚ್ಚಿದಳು.

ಎಡಗಾಲಿನ ಒಂದು ಗಂಡಸಿನ ಚಪ್ಪಲಿ. ತೊಗಲು ಒಣಗಿ ಸೆಟೆದಿತ್ತು. ಪಟ್ಟಿಯ ಮೇಲೆ ಕೂರಿಸಿದ್ದ ಹಿತ್ತಾಳೆ ಹೂವು ಮಾತ್ರ ಹಾಗೇ ಇತ್ತು. ಉಡಚಪ್ಪ ನಮ್ಮ ಕಣ್ಣೆದುರೇ ತಟ್ಟಿಯ ಹೊರಗೆ ಬಿಟ್ಟ ಚಪ್ಪಲಿಗಳ ಮೇಲೂ ಅಂಥದೇ ಹೂವು ಇತ್ತು.

“ಬಾವಿಗೆ ಹಾಕಿಲ್ರಿ,” ಎಂದಳು ಅಡಿವೆವ್ವ. “ಉಡಚಪ್ಪನವರ ಮನ್ಯಾಗ ಭಾಳ ವರ್ಷ ಕಸಾ ಹೊಡದೇನಿ. ಈ ಚಪ್ಪಲಿ ಬಾಜೂ ಸರಸಿ ಸರಸಿ ಹೊಡದೇನಿ. ನೋಡಿದ ಕೂಡ್ಲೇ ಗುರ್ತ ಹಿಡದೆ.”

ಶೇಖವ್ವ ಮೆಲ್ಲಗೆ ತಾಯಿಯ ಕಡೆಗೆ ತಿರುಗಿದಳು. “ನಿನಗ ಗೊತ್ತಿತ್ತು,” ಎಂದಳು. ಅಷ್ಟೇ.

ಉಳಿದದ್ದನ್ನು ಅಡಿವೆವ್ವ ನೆಲ ನೋಡುತ್ತ ಹೇಳಿದಳು. ಮಗಳು ಕಂಪ್ಲೇಂಟು ಕೊಟ್ಟು ಬಂದ ಆ ಸಂಜೆಯೇ, ಅವಳಿಗೆ ತಿಳಿಯದಂತೆ, ಚಪ್ಪಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಆಗಿನ ಪೊಲೀಸ್ ಫೌಜದಾರನ ಹತ್ತಿರ ಹೋಗಿದ್ದಳು. ಕಂಪ್ಲೇಂಟಿನ ತಪಾಸು ಅವನದೇ ಇತ್ತು. ಚಪ್ಪಲಿ ತೋರಿಸಿ, ಹೆಸರು ಬಾಯಿಬಿಟ್ಟು ಹೇಳಿದ್ದಳು. ಅವನು ಕೂತು ಎಲ್ಲ ಕೇಳಿಸಿಕೊಂಡ. ನೀವು ಇರುವ ಮನೆ ಯಾರದು ಎಂದು ಕೇಳಿದ. ಉಡಚಪ್ಪನದು. ನಾಳೆ ಬೀದಿಗೆ ಬಿದ್ದರೆ ಮಗಳನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಕೇಳಿದ. ಸುಮ್ಮನಿರು, ಇದನ್ನು ಎಲ್ಲಾದರೂ ಎಸೆ ಎಂದು ಕಳಿಸಿದ. ಎಸೆಯಲು ಅವಳಿಗೆ ಕೈ ಬರಲಿಲ್ಲ. ಮಗಳಿಗೆ ಹೇಳಲು ಬಾಯಿಯೂ ಬರಲಿಲ್ಲ.

ಉಡಚಪ್ಪನಿಗೆ ಚಪ್ಪಲಿಯ ಸುದ್ದಿ ಹೇಳಿದವರು ಯಾರೆಂದು ಈಗ ತಿಳಿಯಿತು. ಅವನ ಆ ನಗುವಿನ ಅರ್ಥವೂ ತಿಳಿಯಿತು. ತೋಟದಲ್ಲಿ ಸಿಕ್ಕಿತೆಂದುಕೊಂಡಿದ್ದ ಗೆಲುವು ನನ್ನ ಕೈಯಲ್ಲೇ ಪುಡಿಯಾಯಿತು. ಫೌಜದಾರ ಹೇಳಿದ, ನನಗೆ ಗೊತ್ತಾಯಿತು ಎಂದು ಅವನು ಜಾರಿಕೊಳ್ಳಬಹುದು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು.

ಅದನ್ನು ಕೇಳಿದವಳು ಶೇಖವ್ವನೇ. “ಅವ್ವಗ ಗೊತ್ತಿದ್ದದ್ದು ನನಗ ಗೊತ್ತಿದ್ದಂಗ ಆಕ್ಕೈತೇನ್ರಿ, ಕಾಯ್ದೆದಾಗ?”

“ಇಲ್ಲವಾ,” ಎಂದರು ವಕೀಲರು. ಖಾರದ ಪೇಪರನ್ನು ಮಡಚಿ ಮಡಚಿ ಚಿಕ್ಕದು ಮಾಡುತ್ತಿದ್ದರು. “ಆದ್ರ ಫೌಜದಾರಗ ಗೊತ್ತಿತ್ತಂದ್ರ, ಅವತ್ತಿಂದನ ಎಣಿಕಿ.”

ಅವತ್ತಿನಿಂದ ಎಣಿಸಿದರೆ ಕಾಲ ಎಂದೋ ಮುಗಿದಿತ್ತು. ತಡವನ್ನು ಮನ್ನಿಸಿ ಎಂದು ಕೋರ್ಟನ್ನು ಬೇಡಿಕೊಳ್ಳುವ ಒಂದು ದಾರಿ ಇತ್ತು, ಆದರೆ ಅದು ಸಾಹೇಬರ ಮನಸ್ಸಿಗೆ ಬಿಟ್ಟದ್ದು. ಹೊಸ ಕಲಮು, ಈ ಭಾಗದಲ್ಲಿ ಯಾರೂ ಅದನ್ನು ಹಚ್ಚಿ ನೋಡಿರಲಿಲ್ಲ. ಇನ್ನು ಫೌಜದಾರ ತನಗೆ ಗೊತ್ತಿತ್ತೆಂದು ಸತ್ತರೂ ಹೇಳಲಾರ, ಹೇಳಿದರೆ ಅವನ ನೌಕರಿಯೇ ಹೋಗುತ್ತದೆ. ಉಡಚಪ್ಪ ಬಾಯಿಮಾತಿನಲ್ಲಿ ಏನೇ ಅಂದರೂ, ಫೌಜದಾರನ ಬೆಂಬಲವಿಲ್ಲದೆ ಅದು ನಿಲ್ಲುವುದಿಲ್ಲ. ಆ ಸಂಜೆ ನಡೆದದ್ದನ್ನು ಪ್ರಮಾಣ ಮಾಡಿ ಹೇಳಬಲ್ಲವಳು ಲೋಕದಲ್ಲಿ ಒಬ್ಬಳೇ ಇದ್ದಳು. ಅವಳು ನಮ್ಮ ಮನೆಯ ನೆಲದ ಮೇಲೆ ಕೂತಿದ್ದಳು. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಕೇಸು ಬದುಕುತ್ತದೆ. ನಿಜ ಹೇಳಿದರೆ ಸಾಯಬಹುದು.

ಅಡಿವೆವ್ವನಿಗೆ ಕಾಯ್ದೆ ತಿಳಿಯದಿದ್ದರೂ ನಮ್ಮ ಮುಖ ಓದಲು ಬರುತ್ತಿತ್ತು.

“ಅಂವ ಸುಮ್ನಿರು ಅಂದ, ಸುಮ್ನಿದ್ದೆ. ಮಗಳ ಮಾರಿ ನೋಡಕೊಂತ ಸುಮ್ನಿದ್ದೆ. ಇವತ್ತ ಬಾಯಿ ಬಿಟ್ಟೇನಿ.” ಅವಳು ತಲೆ ಎತ್ತಿದಳು. “ನೀವೂ ಸುಮ್ನಿರು ಅಂತೀರೇನ್ರಿ ವಕೀಲರ?”

ಪರಮೇಶಪ್ಪ ವಕೀಲರು ಮಡಚಿದ ಪೇಪರನ್ನು ಕೆಳಗಿಟ್ಟರು. ಹಿತ್ತಿಲಲ್ಲಿ ರೇಡಿಯೋ ಇನ್ನೂ ಹಾಡುತ್ತಿತ್ತು, ಯಾರಾದರೂ ಹೋಗಿ ಆರಿಸಬಾರದೇ ಅನ್ನಿಸಿತು.

ಶೇಖವ್ವ ಕೈಚಾಚಿ ಚಪ್ಪಲಿಯನ್ನು ತೆಗೆದುಕೊಂಡಳು. ಸೀರೆಯ ತುಂಡಿನಲ್ಲಿ ಮೊದಲಿನಂತೆಯೇ ಸುತ್ತಿದಳು. ಅದನ್ನು ವಕೀಲರಿಗೆ ಕೊಡಲಿಲ್ಲ, ತಾಯಿಯ ಚೀಲಕ್ಕೂ ಹಾಕಲಿಲ್ಲ, ತನ್ನ ತೊಡೆಯ ಮೇಲೇ ಇಟ್ಟುಕೊಂಡಳು.

“ಅವ್ವಗ ಸುಮ್ನಿರು ಅನ್ನಬ್ಯಾಡ್ರಿ,” ಎಂದಳು. “ನಾಳೆ ಕೋರ್ಟಿನ್ಯಾಗ ಮೊದಲ ಯಾರನ್ನ ಕರೀಬೇಕಂತ ನಾ ಹೇಳ್ತೇನಿ.”